ಸದ್ದಿಲ್ಲದ ಡೆಸ್ಕ್‌ಟಾಪ್‌ಗೆ ಎಂಥ ಕ್ಯಾಬಿನೆಟ್ ಬೇಕು: ಆಯ್ಕೆಯಿಂದ ಫ್ಯಾನ್ ಹದದವರೆಗೆ

ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಭಾಗಗಳನ್ನು ಕೂರಿಸುವ ಪೆಟ್ಟಿಗೆ, ತಾನಾಗಿ ಸದ್ದು ಮಾಡುವುದಿಲ್ಲ. ಒಳಗಿನ ಫ್ಯಾನುಗಳು ಎಷ್ಟು ಜೋರಾಗಿ ತಿರುಗಬೇಕಾಗುತ್ತದೆ ಎಂಬುದನ್ನು ಅದು ನಿರ್ಧರಿಸುತ್ತದೆ. ಗಾಳಿ ಸಲೀಸಾಗಿ ಒಳಬಂದು ಹೊರಹೋದರೆ ಫ್ಯಾನು ನಿಧಾನಕ್ಕೆ ತಿರುಗಿದರೂ ಸಾಕು. ಗಾಳಿಗೆ ಅಡ್ಡಿಯಾದರೆ ಫ್ಯಾನು ವೇಗ ಏರಿಸಿಕೊಳ್ಳುತ್ತದೆ, ಆಗ ಎಷ್ಟು ದಪ್ಪದ ಫೋಮ್ ಅಂಟಿಸಿದರೂ ಸದ್ದು ಕಿವಿಗೆ ಬಂದೇ ಬರುತ್ತದೆ. ಪೆಟ್ಟಿಗೆಯ ಮೇಲೆ ‘ಸೈಲೆಂಟ್’ ಎಂದು ಅಚ್ಚಾಗಿದೆಯೇ ಎಂದು ನೋಡಿ ಕೊಳ್ಳುವವರು ಎಡವುವುದು ಇಲ್ಲೇ.

ಒಂದು ಲೆಕ್ಕ ತಲೆಯಲ್ಲಿದ್ದರೆ ಮುಂದಿನ ಎಲ್ಲ ತೀರ್ಮಾನಗಳೂ ಸುಲಭ. ಫ್ಯಾನಿನ ವೇಗ ಶೇ. 20ರಷ್ಟು ಇಳಿದರೆ ಗಾಳಿಯೂ ಶೇ. 20ರಷ್ಟೇ ಇಳಿಯುತ್ತದೆ, ಆದರೆ ಸದ್ದು ಸುಮಾರು 5 ಡೆಸಿಬಲ್ ಕಡಿಮೆಯಾಗುತ್ತದೆ. ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅಂಥದೇ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು ಕೇವಲ 3 ಡೆಸಿಬಲ್. ಅಂದರೆ ಪೂರ್ತಿ ವೇಗದ ಒಂದು ಫ್ಯಾನಿನ ಬದಲು ಅರ್ಧ ವೇಗದ ಎರಡು ಫ್ಯಾನ್ ಹಾಕಿದರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು ಮಾತ್ರ 12 ಡೆಸಿಬಲ್ ಕಡಿಮೆ. 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧಕ್ಕಿಳಿದಂತೆ ಅನಿಸುತ್ತದೆ. ಹೆಚ್ಚು ಮತ್ತು ದೊಡ್ಡ ಫ್ಯಾನುಗಳು, ಕಡಿಮೆ ವೇಗ: ಕ್ಯಾಬಿನೆಟ್ ಆಯ್ಕೆ ಪೂರ್ತಿ ಈ ಸೂತ್ರದ ಸುತ್ತಲೇ.

ಹಂತ 1: ಸದ್ದು ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ

ಈಗಾಗಲೇ ಒಂದು ಯಂತ್ರ ಇದ್ದರೆ, ಹೊಸ ಕ್ಯಾಬಿನೆಟ್‌ಗೆ ದುಡ್ಡು ಹಾಕುವ ಮೊದಲು ಅದರ ಸದ್ದನ್ನು ಬಿಡಿಸಿ ಕೇಳಿ. ರಾತ್ರಿ ಹತ್ತರ ಮೇಲೆ, ಸೀಲಿಂಗ್ ಫ್ಯಾನ್ ಆರಿಸಿ, ನೀವು ದಿನಾ ಕೂರುವ ಜಾಗದಲ್ಲೇ ಕೂತು ಕೇಳಬೇಕು.

ಸುಯ್ಯೆನ್ನುವ ಗಾಳಿಯ ಸದ್ದಾದರೆ ಫ್ಯಾನು ಅತಿ ವೇಗದಲ್ಲಿದೆ, ಇಲ್ಲವೇ ಅದರ ಎದುರು ಏನೋ ಅಡ್ಡ ಇದೆ. ಇದು ಕ್ಯಾಬಿನೆಟ್ ಬದಲಿಸಿದರೆ ಪರಿಹಾರವಾಗುವ ಸದ್ದು. ‘ಗುಂಯ್’ ಎಂಬ ತಗ್ಗು ದನಿ ಬಂದು, ಮೇಜಿಗೆ ಅಂಗೈ ಇಟ್ಟರೆ ಅದುರಿದಂತಾದರೆ ಅದು ಬಹುಮಟ್ಟಿಗೆ ಹಾರ್ಡ್‌ಡಿಸ್ಕ್. 7200 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಡಿಸ್ಕ್ ಸೆಕೆಂಡಿಗೆ 120 ಸುತ್ತು ಹಾಕುತ್ತದೆ, ಆ 120 ಹರ್ಟ್ಸ್ ಕಂಪನ ತಗಡಿಗೆ ದಾಟಿ ಇಡೀ ಪೆಟ್ಟಿಗೆಯೇ ಸ್ಪೀಕರಿನಂತೆ ನಡೆದುಕೊಳ್ಳುತ್ತದೆ. ಗುಂಯ್ ಎಂಬುದು ಅಲೆಯಲೆಯಾಗಿ ಏರಿಳಿಯುತ್ತಿದ್ದರೆ ಎರಡು ಫ್ಯಾನುಗಳ ವೇಗ ಹತ್ತಿರ ಹತ್ತಿರ ಇದ್ದೂ ಒಂದೇ ಆಗಿಲ್ಲ ಎಂದರ್ಥ. ಗೊರಗೊರ ಸದ್ದು ಬೇರಿಂಗ್ ಸವೆದದ್ದರ ಸೂಚನೆ. ಟಿಕ್‌ಟಿಕ್ ಎಂದರೆ ಯಾವುದೋ ವೈರು ರೆಕ್ಕೆಗೆ ತಾಗುತ್ತಿದೆ. ಗೇಮ್ ಆಡುವಾಗ ಮಾತ್ರ ಸಣ್ಣಗೆ ‘ಕೀಂ’ ಎಂದರೆ ಅದು ಗ್ರಾಫಿಕ್ಸ್ ಕಾರ್ಡಿನ ಕಾಯಿಲ್ (ತಂತಿಸುರುಳಿ) ಸದ್ದು.

ಗುರುತಿಸುವ ಕ್ರಮ: ಪಕ್ಕದ ಪ್ಯಾನಲ್ ಬಿಚ್ಚಿ, ಕ್ಯಾಬಿನೆಟ್ ಫ್ಯಾನುಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಹೋಗಿ. ಮದರ್‌ಬೋರ್ಡ್‌ನಿಂದ ಫ್ಯಾನಿನ ಕನೆಕ್ಟರ್ ಎಳೆದರೆ ಸಾಕು. ಯಾವುದನ್ನು ನಿಲ್ಲಿಸಿದಾಗ ಸದ್ದು ಥಟ್ಟನೆ ಇಳಿಯಿತೋ ಅದೇ ಮುಖ್ಯ ಕಾರಣ. ಪ್ರೊಸೆಸರ್ ಕೂಲರಿನ ಫ್ಯಾನನ್ನು ಕೆಲವೇ ಸೆಕೆಂಡು ಮಾತ್ರ ನಿಲ್ಲಿಸಿ. ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಬಿಚ್ಚಿ ಕೈ ಹಾಕಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಫೋನಿನ ಡೆಸಿಬಲ್ ಆ್ಯಪ್‌ಗಳು 30 ಡಿಬಿಎಗಿಂತ (ಕಿವಿಗೆ ಕೇಳುವಂತೆ ಅಳೆದ ಡೆಸಿಬಲ್) ಕೆಳಗೆ ನಂಬಲರ್ಹವಲ್ಲ, ಮೈಕಿನ ಸ್ವಂತ ಗದ್ದಲವೇ ಅಷ್ಟಿರುತ್ತದೆ. ಅದರ ಬದಲು ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದು ಎಂಬುದನ್ನು, ತೋರಿಸುವ ಆ್ಯಪ್ ಹಾಕಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ‘ಸ್ಪೆಕ್ಟ್ರಾಯ್ಡ್’ ಇದೆ. 120ರ ಹತ್ತಿರ ಚೂಪಾದ ಗೆರೆ ಕಂಡರೆ ಡಿಸ್ಕ್. 7 ರೆಕ್ಕೆಯ ಫ್ಯಾನು 900 ಆರ್‌ಪಿಎಂನಲ್ಲಿದ್ದರೆ 105 ಹರ್ಟ್ಸ್‌ನಲ್ಲಿ ಗೆರೆ ಕಾಣಬೇಕು: ರೆಕ್ಕೆಗಳ ಸಂಖ್ಯೆಯನ್ನು ವೇಗದಿಂದ ಗುಣಿಸಿ 60ರಿಂದ ಭಾಗಿಸಿ.

ಹಂತ 2: ಹೊರಹಾಕಬೇಕಾದ ಶಾಖ ಎಷ್ಟು?

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎಳೆಯುವ ವ್ಯಾಟ್‌ಗಳನ್ನು ಕೂಡಿ, ಉಳಿದದ್ದಕ್ಕೆಲ್ಲ 50 ಸೇರಿಸಿ. ಆರ್‌ಟಿಎಕ್ಸ್ 4060 ಕಾರ್ಡ್ 115 ವ್ಯಾಟ್, 4070 ಆದರೆ 200. 65 ವ್ಯಾಟ್ ಎಂದು ಹೇಳಿಕೊಳ್ಳುವ ಎಎಂಡಿ ರೈಝೆನ್ ಪ್ರೊಸೆಸರ್ ನಿಜಕ್ಕೂ 88 ವ್ಯಾಟ್‌ವರೆಗೆ ಎಳೆಯುತ್ತದೆ, 105ರದ್ದು 142ರವರೆಗೆ. 4070 ಮತ್ತು 105 ವ್ಯಾಟ್‌ನ ರೈಝೆನ್ ಇರುವ ಯಂತ್ರದ ಒಟ್ಟು ಹೊರೆ ಹೀಗೆ 400 ವ್ಯಾಟ್ ಹತ್ತಿರ.

400 ವ್ಯಾಟ್ ಶಾಖವನ್ನು, ಒಳಗಿನ ಗಾಳಿ ಕೋಣೆಗಿಂತ 10 ಡಿಗ್ರಿ ಮಾತ್ರ ಬಿಸಿಯಾಗುವಂತೆ ಹೊರಹಾಕಲು ಗಂಟೆಗೆ ಸುಮಾರು 120 ಘನ ಮೀಟರ್ ಗಾಳಿ ಬೇಕು, ಫ್ಯಾನ್ ಪೆಟ್ಟಿಗೆಗಳ ಮೇಲಿನ ಅಳತೆಯಲ್ಲಿ 70 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). 15 ಡಿಗ್ರಿ ಏರಿದರೂ ಪರವಾಗಿಲ್ಲ ಎಂದರೆ 80 ಘನ ಮೀಟರ್ ಸಾಕು. ಪೆಟ್ಟಿಗೆಯ ಮೇಲಿನ ಸಿಎಫ್‌ಎಂ ಎದುರಿಗೆ ಏನೂ ಅಡ್ಡಿಯಿಲ್ಲದಾಗಿನ ಅಂಕಿ. ಫಿಲ್ಟರು, ಜಾಲರಿ, ಕಾರ್ಡುಗಳ ನಡುವೆ ಅದರ ಅರ್ಧ ದಕ್ಕಿದರೆ ಪುಣ್ಯ.

ಇಲ್ಲಿ ಊರು ಮುಖ್ಯವಾಗುತ್ತದೆ. ಯುರೋಪಿನ 20 ಡಿಗ್ರಿ ಕೋಣೆಯಲ್ಲಿ ನಡೆದ ವಿಮರ್ಶೆಗಳನ್ನು ಓದಿ ಕ್ಯಾಬಿನೆಟ್ ಆರಿಸಿದರೆ ರಾಯಚೂರಿನ ಮೇ ತಿಂಗಳಲ್ಲಿ ಅದು ಅನ್ವಯಿಸುವುದಿಲ್ಲ. ಕೋಣೆಯೇ 38 ಡಿಗ್ರಿ ಇದ್ದಾಗ ಒಳಗಿನ ಗಾಳಿ 48 ಆಗುತ್ತದೆ, ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಉಸಿರಾಡುವುದು ಅದನ್ನೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವುದರಿಂದ ಗಾಳಿ ಮಂಗಳೂರಿಗಿಂತ ಸುಮಾರು ಶೇ. 10 ತೆಳು, ಅಷ್ಟರಮಟ್ಟಿಗೆ ಫ್ಯಾನು ಹೊರಹಾಕುವ ಶಾಖವೂ ಕಡಿಮೆ. ತಂಪು ಹವೆ ಅದನ್ನು ಸರಿದೂಗಿಸುತ್ತದೆ ಬಿಡಿ.

ಹೊರೆ 200 ವ್ಯಾಟ್ ಒಳಗಿದ್ದರೆ, ಅಂದರೆ ಬರವಣಿಗೆ, ಕೋಡಿಂಗ್, ಲೆಕ್ಕಪತ್ರದ ಯಂತ್ರ ಅಥವಾ ಗ್ರಾಫಿಕ್ಸ್ ಕಾರ್ಡೇ ಇಲ್ಲದ್ದಾದರೆ, ಬಹುತೇಕ ಯಾವ ಕ್ಯಾಬಿನೆಟ್ ಆದರೂ ನಡೆದೀತು. ಒಳ್ಳೆಯ ಫ್ಯಾನುಗಳ ಮೇಲೆ ದುಡ್ಡು ಹಾಕಿ. ಈ ಮಾರ್ಗದರ್ಶಿಯ ಉಳಿದ ಭಾಗ ಮುಖ್ಯವಾಗಿ ಅದಕ್ಕಿಂತ ಹೆಚ್ಚು ಹೊರೆ ಇರುವವರಿಗೆ.

ಹಂತ 3: ಮುಚ್ಚಿದ ಮುಖವೋ, ಜಾಲರಿ ಮುಖವೋ

ಸದ್ದಿಲ್ಲದ ಕ್ಯಾಬಿನೆಟ್ ಎಂದರೆ ದಪ್ಪ ಬಾಗಿಲು, ಒಳಗೆ ಸದ್ದು-ಕಂಪನ ಅಡಗಿಸುವ ಡ್ಯಾಂಪಿಂಗ್ ಪದರ ಎಂಬ ಕಲ್ಪನೆ ಹಳೆಯದು. 2005ರಲ್ಲಿ ಆಂಟೆಕ್ ಕಂಪನಿ ಪಿ180 ತಂದಾಗ ಅದರ ವಿನ್ಯಾಸದಲ್ಲಿ ‘ಸೈಲೆಂಟ್ ಪಿಸಿ ರಿವ್ಯೂ’ ಜಾಲತಾಣದ ಮೈಕ್ ಚಿನ್ ಕೈಜೋಡಿಸಿದ್ದರು. ಮೂರು ಪದರದ ಪ್ಯಾನಲ್, ಎಸ್‌ಎಂಪಿಎಸ್ ಹಾಗೂ ಡಿಸ್ಕ್‌ಗಳಿಗೆ ಕೆಳಗೆ ಬೇರೆಯದೇ ಕೋಣೆ, ಮುಂದೆ ಬಾಗಿಲು. ಆ ಕಾಲಕ್ಕೆ ಅದು ಸರಿಯಾದ ಉತ್ತರವೇ ಆಗಿತ್ತು, ಯಾಕೆಂದರೆ ಪ್ರತಿ ಯಂತ್ರದಲ್ಲೂ ಕಟಕಟ ಎನ್ನುವ ಹಾರ್ಡ್‌ಡಿಸ್ಕ್ ಇರುತ್ತಿತ್ತು, ಕೂಲರುಗಳು ಚಿಕ್ಕವು. ಇಂದು ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಬಂದಿದೆ, ಗ್ರಾಫಿಕ್ಸ್ ಕಾರ್ಡಿನ ಶಾಖ ಎಲ್ಲವನ್ನೂ ಮೀರಿಸಿದೆ. ಹೊರೆ ಬಿದ್ದಾಗ ಅತಿ ಹೆಚ್ಚು ಸದ್ದು ಮಾಡುವುದೂ ಅದರ ಫ್ಯಾನುಗಳೇ. ಅವಕ್ಕೆ ತಂಪು ಗಾಳಿ ಕೊಟ್ಟರೆ ತಾವಾಗಿ ವೇಗ ಇಳಿಸಿಕೊಳ್ಳುತ್ತವೆ. ಮುಚ್ಚಿದ ಬಾಗಿಲು ಆ ತಂಪು ಗಾಳಿಯನ್ನೇ ತಡೆಯುತ್ತದೆ.

ಡ್ಯಾಂಪಿಂಗ್ ಪದರದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಬಿಟುಮಿನ್‌ನಂಥ (ಡಾಂಬರು) ಭಾರದ ಹಾಳೆ ತಗಡು ಅದುರುವುದನ್ನು ತಡೆಯುತ್ತದೆ, ಗಾಳಿಯಲ್ಲಿ ತೇಲಿ ಬರುವ ಸದ್ದನ್ನು ಹೀರುವುದಿಲ್ಲ. ಫೋಮ್ ಹೀರುತ್ತದೆ, ಆದರೆ ತನ್ನ ದಪ್ಪಕ್ಕೆ ತಕ್ಕಷ್ಟು. 1000 ಹರ್ಟ್ಸ್ ಸದ್ದಿನ ತರಂಗವೇ 34 ಸೆಂ.ಮೀ. ಉದ್ದ, 100 ಹರ್ಟ್ಸ್‌ನದು 3 ಮೀಟರ್ ದಾಟುತ್ತದೆ. 5 ಮಿ.ಮೀ. ಫೋಮ್ ಅವಕ್ಕೆ ಲೆಕ್ಕಕ್ಕೇ ಇಲ್ಲ. ಕಾಯಿಲ್‌ನ ‘ಕೀಂ’ ಮಾತ್ರ ಸ್ವಲ್ಪ ಮೆತ್ತಗಾದೀತು.

ಗಾಜಿನ ಪ್ಯಾನಲ್ ಕಂಡರೆ ‘ಸದ್ದು ಜಾಸ್ತಿ’ ಎಂದು ಮುಖ ತಿರುಗಿಸುವವರಿದ್ದಾರೆ. ತೂಕ ಹಾಕಿ ನೋಡಿ: 4 ಮಿ.ಮೀ. ಗಾಜು ಚದರ ಮೀಟರ್‌ಗೆ 10 ಕೆಜಿ, 0.7 ಮಿ.ಮೀ. ಉಕ್ಕಿನ ತಗಡು ಐದೂವರೆ ಕೆಜಿ. ಸದ್ದು ತಡೆಯುವುದು ತೂಕವೇ ಆದ್ದರಿಂದ ಗಾಜು ತೆಳು ತಗಡಿಗಿಂತ ಮೇಲು. ಅದನ್ನು ಹಿಡಿದಿರುವ ಕಡೆ ರಬ್ಬರ್ ಇಲ್ಲದೆ ಗಡಗಡ ಎನ್ನುವುದೊಂದೇ ಅದರ ದೋಷ.

ಹಾಗಾದರೆ ಯಾರಿಗೆ ಯಾವುದು? ಗ್ರಾಫಿಕ್ಸ್ ಕಾರ್ಡ್ ಇದ್ದು ಹೊರೆ 250 ವ್ಯಾಟ್ ದಾಟಿದರೆ ಜಾಲರಿ ಮುಖ, ಎರಡನೇ ಮಾತಿಲ್ಲ. ಫ್ರಾಕ್ಟಲ್ ಡಿಸೈನ್‌ನ ನಾರ್ತ್ ಈ ಬಗೆಯದು: ಮುಂದೆ ಮರದ ಪಟ್ಟಿಗಳು, ಅವುಗಳ ಸಂದಿನಲ್ಲಿ ಗಾಳಿ, ಆ ಪಟ್ಟಿಗಳ ಹಿಂದೆಯೇ ಎರಡು 140 ಮಿ.ಮೀ. ಫ್ಯಾನ್. ಹಿಂಬದಿಗೆ ಒಂದು ಫ್ಯಾನನ್ನು ನೀವೇ ಕೊಳ್ಳಬೇಕು. ಲಿಯಾನ್ ಲಿಯ ಲ್ಯಾನ್‌ಕೂಲ್ 216ರಲ್ಲಿ ಮುಂದೆ ಎರಡು 160 ಮಿ.ಮೀ. ಫ್ಯಾನುಗಳೇ ಇವೆ. ಇನ್ನು ಹೊರೆ ಕಡಿಮೆ, ಆದರೆ ಒಳಗೆ ಎರಡು-ಮೂರು ಹಾರ್ಡ್‌ಡಿಸ್ಕ್ ಇವೆ, ಅಥವಾ ಅದೇ ಕೋಣೆಯಲ್ಲಿ ಮೈಕ್ ಇಟ್ಟು ಧ್ವನಿಮುದ್ರಣ ಮಾಡುತ್ತೀರಿ ಎಂದಾದರೆ ಫ್ರಾಕ್ಟಲ್ ಡಿಫೈನ್ 7ರಂಥ ಮುಚ್ಚಿದ ಕ್ಯಾಬಿನೆಟ್ ಇಂದಿಗೂ ಸರಿ. ಎರಡು ಮನಸ್ಸಿನವರಿಗೆ ಬೀ ಕ್ವೈಟ್‌ನ ಸೈಲೆಂಟ್ ಬೇಸ್ 802 ಇದೆ, ಮುಂಭಾಗಕ್ಕೂ ಮೇಲ್ಭಾಗಕ್ಕೂ ಮುಚ್ಚಿದ ಮತ್ತು ಜಾಲರಿಯ ಮುಚ್ಚಳ ಎರಡನ್ನೂ ಕೊಡುತ್ತಾರೆ. ಬೇಸಿಗೆಗೆ ಒಂದು, ಉಳಿದ ಕಾಲಕ್ಕೆ ಇನ್ನೊಂದು.

ಹಂತ 4: ಅಳತೆಗಳು

ಕೊಳ್ಳುವ ಮೊದಲು ಈ ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

- ಕೂಲರಿನ ಎತ್ತರ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ 155 ಮಿ.ಮೀ., ಡೀಪ್‌ಕೂಲ್ ಎಕೆ620 160, ನಾಕ್ಚುವಾ ಎನ್‌ಎಚ್-ಡಿ15 165. ಕ್ಯಾಬಿನೆಟ್ 165ಕ್ಕಿಂತ ಕಡಿಮೆ ಜಾಗ ಕೊಟ್ಟರೆ ದೊಡ್ಡ, ಅಂದರೆ ನಿಧಾನ ಕೂಲರುಗಳ ಬಾಗಿಲು ಮುಚ್ಚಿತು. ನಾರ್ತ್ 170 ಕೊಡುತ್ತದೆ.
- ಗ್ರಾಫಿಕ್ಸ್ ಕಾರ್ಡಿನ ಉದ್ದ. ಮೂರು ಫ್ಯಾನಿನ ಕಾರ್ಡುಗಳು 300ರಿಂದ 340 ಮಿ.ಮೀ. ಇರುತ್ತವೆ. ಮುಂದಿನ ಫ್ಯಾನಿನ 25 ಮಿ.ಮೀ. ಕಳೆದ ಮೇಲೆ ಎಷ್ಟು ಉಳಿಯುತ್ತದೆ ಎಂದು ನೋಡಿ.
- ಮುಂದೆ ಎರಡು 140 ಅಥವಾ ಮೂರು 120 ಮಿ.ಮೀ. ಫ್ಯಾನಿಗೆ ಜಾಗ. 140ರ ಫ್ಯಾನು 120ಕ್ಕಿಂತ ಶೇ. 36ರಷ್ಟು ಹೆಚ್ಚು ಅಗಲ ಹರವಿನದು.
- ಕಾರ್ಡಿನ ಕೆಳಗೆ, ಎಸ್‌ಎಂಪಿಎಸ್ ಹೊದಿಕೆಯವರೆಗೆ ಕನಿಷ್ಠ ಎರಡು ಸ್ಲಾಟಿನಷ್ಟು, ಅಂದರೆ 40 ಮಿ.ಮೀ. ಖಾಲಿ ಜಾಗ. ಮೈಕ್ರೋ ಎಟಿಎಕ್ಸ್ ಎಂಬ ಚಿಕ್ಕ ಗಾತ್ರದ ಕ್ಯಾಬಿನೆಟ್‌ಗಳು ಸೋಲುವುದು ಇಲ್ಲೇ: ಕಾರ್ಡ್ ಹೊದಿಕೆಗೆ ಅಂಟಿಕೊಂಡು ಗಾಳಿ ಎಳೆಯಲಾಗದೆ ಒದ್ದಾಡುತ್ತದೆ.

ಕಾರ್ಡನ್ನು ನೆಟ್ಟಗೆ ನಿಲ್ಲಿಸಿ ಗಾಜಿನಾಚೆಗೆ ಕಾಣಿಸುವ ಶೋಕಿ ಇದೆಯಲ್ಲ, ಗಾಜಿಗೂ ಫ್ಯಾನಿಗೂ ನಡುವೆ ಎರಡೇ ಬೆರಳಗಲ ಉಳಿದರೆ ಸದ್ದಿಲ್ಲದ ಯಂತ್ರದ ಆಸೆ ಬಿಟ್ಟುಬಿಡಿ.

ಹಂತ 5: ಅಂಗಡಿಯಲ್ಲಿ ಕೈಯಿಂದ ಪರೀಕ್ಷೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಫ್ಯಾನಿನ ಸದ್ದು ಕೇಳಿ ತೀರ್ಮಾನಿಸಲು ಆಗುವುದಿಲ್ಲ, ಬೀದಿಯ ಗದ್ದಲದಲ್ಲಿ ಏನೂ ಕೇಳಿಸದು. ಆದರೆ ಕಣ್ಣು-ಕೈ ಸಾಕು. ‘ಸರ್, ಒಂದ್ಸಲ ಸೈಡ್ ಪ್ಯಾನಲ್ ಬಿಚ್ಚಿ ತೋರಿಸಿ’ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ.

ಪ್ಯಾನಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ. ಬಳುಕಿದರೆ 0.5 ಮಿ.ಮೀ. ಆಸುಪಾಸಿನ ತಗಡು, ಮನೆಯಲ್ಲಿ ಅದುರುತ್ತದೆ. 0.7 ಅಥವಾ 0.8 ಇರಬೇಕು. ಮಧ್ಯಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ: ‘ಟಣ್’ ಎಂದು ಎಳೆದರೆ ಬೇಡ, ‘ಡಬ್’ ಎಂದು ಅಲ್ಲೇ ನಿಂತರೆ ಒಳ್ಳೆಯದು. ಪ್ಯಾನಲ್ ಮತ್ತೆ ಹಾಕಿದ ಮೇಲೆ ಇಡೀ ಪೆಟ್ಟಿಗೆಯನ್ನು ಕೊಂಚ ಅಲ್ಲಾಡಿಸಿ ನೋಡಿ. ಈಗ ಗಡಗಡ ಅಂದದ್ದು ಮುಂದೆ ದಿನಾ ಅನ್ನುತ್ತದೆ.

ಮುಂಭಾಗದ ಜಾಲರಿಯ ಹಿಂದೆ ಫೋನಿನ ಟಾರ್ಚ್ ಹಿಡಿಯಿರಿ. ಬೆಳಕು ಧಾರಾಳವಾಗಿ ಬಂದರೆ ಗಾಳಿಯೂ ಬರುತ್ತದೆ. ಬಾಯಿಂದ ಊದಿದಾಗ ಆಚೆ ಬದಿಯ ಅಂಗೈಗೆ ಗಾಳಿ ತಾಗಬೇಕು, ಮುಖಕ್ಕೇ ತಿರುಗಿ ಹೊಡೆದರೆ ರಂಧ್ರಗಳು ತೀರ ಚಿಕ್ಕವು. ಕೆಲವು ಕಡೆ ಹೊರಗೊಂದು ಜಾಲರಿ, ಅದರ ಹಿಂದೆ ನೈಲಾನ್ ಫಿಲ್ಟರು, ಅದರ ಹಿಂದೆ ತೂತು ಕೊರೆದ ತಗಡು ಹೀಗೆ ಮೂರು ಪದರ ಇರುತ್ತವೆ. ಒಂದೇ ಸಣ್ಣ ಜಾಲರಿ ಫಿಲ್ಟರಿನ ಕೆಲಸವನ್ನೂ ಮಾಡುವಂಥದ್ದು ಲೇಸು. ಜಾಲರಿಗೂ ಫ್ಯಾನಿಗೂ ನಡುವೆ 10 ಮಿ.ಮೀ. ಆದರೂ ಅಂತರ ಇರಲಿ. ಗಾಳಿ ಎಳೆಯುವ ಬದಿಯಲ್ಲಿ ರೆಕ್ಕೆಗೆ ತೀರ ಹತ್ತಿರ ಏನಾದರೂ ಅಡ್ಡ ಇದ್ದರೆ ಪ್ರತಿ ರೆಕ್ಕೆ ಅದನ್ನು ದಾಟುವಾಗಲೂ ಒಂದು ಮಿಡಿತ ಹುಟ್ಟುತ್ತದೆ, ಅದೇ ಗುಂಯ್ ದನಿ.

ಇನ್ನೊಂದನ್ನು ಕಡ್ಡಾಯವಾಗಿ ನೋಡಿ: ಜೊತೆಗೆ ಬಂದ ಫ್ಯಾನುಗಳ ವೈರಿನ ತುದಿ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಬಣ್ಣಬಣ್ಣದ ಮೂರೋ ನಾಲ್ಕೋ ಫ್ಯಾನ್ ಇರುತ್ತವೆ, ಅವುಗಳ ತುದಿಯಲ್ಲಿ ದಪ್ಪನೆಯ ಬಿಳಿ ಮೋಲೆಕ್ಸ್ ಕನೆಕ್ಟರ್ ಇರುತ್ತದೆ. ಅದು ಎಸ್‌ಎಂಪಿಎಸ್‌ಗೆ ನೇರ ಸೇರುವಂಥದ್ದು, ವೇಗ ನಿಯಂತ್ರಣವೇ ಇಲ್ಲ. ಯಂತ್ರ ಖಾಲಿ ಕೂತಿದ್ದಾಗಲೂ 12 ವೋಲ್ಟ್‌ನಲ್ಲಿ ಪೂರ್ತಿ ವೇಗ. ಫ್ಯಾನುಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಅಂಥದ್ದನ್ನೇ ಕೊಳ್ಳಬೇಕಾದರೆ ಆ ಫ್ಯಾನುಗಳನ್ನು ತೆಗೆದು ಬೇರೆ ಹಾಕುವ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಹಂತ 6: ಫ್ಯಾನುಗಳು

ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ ಫ್ಯಾನ್‌ಗಳನ್ನೇ ತೆಗೆದುಕೊಳ್ಳಿ, ಮದರ್‌ಬೋರ್ಡ್ ಕಳಿಸುವ ಸಂಕೇತದಂತೆ ಅವು ವೇಗ ಬದಲಿಸುತ್ತವೆ. ಮೂರು ಪಿನ್ನಿನವು ವೋಲ್ಟೇಜ್ ಇಳಿಸಿದರೆ ನಿಧಾನವಾಗುತ್ತವೆ, ಅವೂ ನಡೆಯುತ್ತವೆ, ಆದರೆ ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್ ಪರದೆ) ಆ ಹೆಡರನ್ನು (ಫ್ಯಾನಿನ ವೈರು ಸಿಕ್ಕಿಸುವ ಪಿನ್ನುಗಳು) ವೋಲ್ಟೇಜಿನಿಂದ ನಿಯಂತ್ರಿಸುವ ಡಿಸಿ ಮೋಡಿಗೆ ಬದಲಿಸಬೇಕು. ಬದಲಿಸದಿದ್ದರೆ ಪೂರ್ತಿ ವೇಗದಲ್ಲೇ ತಿರುಗುತ್ತವೆ. ‘ಹೊಸ ಫ್ಯಾನ್ ಹಾಕಿದೆ, ಸದ್ದು ಇನ್ನೂ ಜಾಸ್ತಿಯಾಯಿತು’ ಎಂಬ ದೂರಿಗೆ ಬಹಳಷ್ಟು ಸಲ ಇದೇ ಕಾರಣ.

ಅಂಗಡಿಯವರು ತೋರಿಸುವ ಡಿಬಿಎ ಅಂಕಿ ಪೂರ್ತಿ ವೇಗದ್ದು. ನೀವು ಓಡಿಸುವುದು 600-900 ಆರ್‌ಪಿಎಂನಲ್ಲಿ. ಆದ್ದರಿಂದ ಕೇಳಬೇಕಾದ್ದು ಎಷ್ಟು ಕೆಳಗೆ ಇಳಿಯುತ್ತದೆ ಮತ್ತು ಬೇರಿಂಗ್ ಯಾವುದು ಎಂದು. ಆರ್ಕ್ಟಿಕ್‌ನ ಪಿ12 ಪಿಡಬ್ಲ್ಯೂಎಂ 200 ಆರ್‌ಪಿಎಂವರೆಗೂ ಇಳಿಯುತ್ತದೆ, ಬೆಲೆಯೂ ಕಡಿಮೆ. ನಾಕ್ಚುವಾ ಎನ್‌ಎಫ್-ಎ12ಎಕ್ಸ್25 ಬೆಲೆಯಲ್ಲಿ ಹಲವು ಪಟ್ಟು, ಅದರ ದನಿ ಮಾತ್ರ ನಿಜಕ್ಕೂ ಮೃದು. ಸ್ಲೀವ್ ಬೇರಿಂಗಿನ ಫ್ಯಾನನ್ನು ಮೇಲ್ಛಾವಣಿಯಲ್ಲಿ ಮಲಗಿಸಿ ಹಾಕಬೇಡಿ, ಬಿಸಿಗೆ ಎಣ್ಣೆ ಒಣಗಿ ಬೇಗ ಗೊರಗೊರ ಶುರುವಾಗುತ್ತದೆ.

ಜೋಡಣೆ ಸರಳ: ಮುಂದೆ ಎರಡು 140 ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಒಳಕ್ಕೆ ಬರುವುದು ಹೊರಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಧೂಳು ಫಿಲ್ಟರಿನ ಮೂಲಕವೇ ಬರುತ್ತದೆ, ಸಂದುಗೊಂದುಗಳಿಂದ ನುಗ್ಗುವುದಿಲ್ಲ. ಮೇಲ್ಭಾಗದ ಮುಂದಿನ ಕಿಂಡಿಯಲ್ಲಿ ಹೊರಹಾಕುವ ಫ್ಯಾನ್ ಹಾಕಬೇಡಿ, ಮುಂದಿನಿಂದ ಬಂದ ತಂಪು ಗಾಳಿಯನ್ನು ಪ್ರೊಸೆಸರ್ ತಲುಪುವ ಮೊದಲೇ ಅದು ಕದಿಯುತ್ತದೆ. ಗಾಳಿ ಯಾವ ಕಡೆಗೆ ಎಂಬ ಗೊಂದಲವಿದ್ದರೆ, ಮೋಟರನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ.

ಹಂತ 7: ಜೋಡಿಸುವಾಗ

ಫ್ಯಾನನ್ನು ಸ್ಕ್ರೂ ಬದಲು ಸಿಲಿಕೋನ್ ಪಿನ್ನುಗಳಲ್ಲಿ ನೇತುಹಾಕಿ. ಸ್ಕ್ರೂ ಹಾಕುವುದಾದರೆ ಮೂಲೆಗಳಲ್ಲಿ ರಬ್ಬರ್ ಇರಲಿ, ಅದು ಚಪ್ಪಟೆಯಾಗುವಷ್ಟು ಬಿಗಿಯಬೇಡಿ. ಹಾರ್ಡ್‌ಡಿಸ್ಕಿನದೂ ಅದೇ ಕಥೆ: ರಬ್ಬರ್ ಬಿಲ್ಲೆಗಳ ನಡುವೆ ಡಿಸ್ಕ್ ತೂಗುವಂತಿರಬೇಕು. ಬಿಗಿದು ಕೂರಿಸಿದರೆ ರಬ್ಬರ್ ಇದ್ದೂ ಇಲ್ಲದಂತೆ. ಸಾಧ್ಯವಾದರೆ ಡಿಸ್ಕನ್ನೇ ಹೊರಗೆ ಹಾಕಿ, ಪಕ್ಕದ ಕೋಣೆಯಲ್ಲಿ, ನೆಟ್‌ವರ್ಕ್ ಮೂಲಕ ಫೈಲು ಕೊಡುವ ಪೆಟ್ಟಿಗೆಗೆ ಸಾಗಿಸಿ. ಅದಕ್ಕಿಂತ ಒಳ್ಳೆಯ ಡ್ಯಾಂಪಿಂಗ್ ಇಲ್ಲ.

ಎಸ್‌ಎಂಪಿಎಸ್ ನಿಮ್ಮ ಹೊರೆಯ ಎರಡರಷ್ಟರ ಹತ್ತಿರ ಇರಲಿ: 400 ವ್ಯಾಟ್ ಯಂತ್ರಕ್ಕೆ 750. ಅರ್ಧ ಹೊರೆಯಲ್ಲಿ ಅದರ ಫ್ಯಾನು ನಿಧಾನ. 80 ಪ್ಲಸ್ ಚಿನ್ನ-ಬೆಳ್ಳಿ ದರ್ಜೆಗಳು ವಿದ್ಯುತ್ ಉಳಿತಾಯದ ಮಾತು, ಸದ್ದಿನದಲ್ಲ. ಸದ್ದಿಗೆ ಸೈಬೆನೆಟಿಕ್ಸ್ ಸಂಸ್ಥೆಯ ದರ್ಜೆ ನೋಡಿ: ಎ++ ಎಂದರೆ 15 ಡಿಬಿಎಗಿಂತ ಕೆಳಗೆ, ಎ+ ಎಂದರೆ 15ರಿಂದ 20, ಎ ಎಂದರೆ 20ರಿಂದ 25. ಕ್ಯಾಬಿನೆಟ್‌ನ ತಳದಲ್ಲಿ ಫಿಲ್ಟರ್ ಇದ್ದರೆ ಎಸ್‌ಎಂಪಿಎಸ್ ಫ್ಯಾನನ್ನು ಕೆಳಮುಖವಾಗಿ ಕೂರಿಸಿ.

ನೀರಿನ ಕೂಲರ್ ಸದ್ದು ಕಡಿಮೆ ಎಂದು ಮಾರುತ್ತಾರೆ. ಪಂಪಿನ ಸಣ್ಣ ಗುಂಯ್ ಯಂತ್ರ ಖಾಲಿ ಇದ್ದಾಗಲೂ ನಿಲ್ಲುವುದಿಲ್ಲ. ಪಂಪೇ ಎಲ್ಲಕ್ಕಿಂತ ಮೇಲೆ ಬಂದರೆ ಗಾಳಿಗುಳ್ಳೆ ಸೇರಿ ಗುಳುಗುಳು ಬೇರೆ. 150 ವ್ಯಾಟ್ ಒಳಗಿನ ಪ್ರೊಸೆಸರ್‌ಗೆ ಎರಡು ಗೋಪುರದ ಗಾಳಿ ಕೂಲರೇ ಸಾಕು.

ಹಂತ 8: ಫ್ಯಾನ್ ಕರ್ವ್

ಯಾವ ತಾಪಕ್ಕೆ ಫ್ಯಾನು ಎಷ್ಟು ವೇಗ ಎಂಬ ಲೆಕ್ಕವೇ ಫ್ಯಾನ್ ಕರ್ವ್. ಎಷ್ಟು ಒಳ್ಳೆಯ ಕ್ಯಾಬಿನೆಟ್ ತಂದರೂ ಈ ಹಂತ ಬಿಟ್ಟರೆ ಸದ್ದು ಹೋಗುವುದಿಲ್ಲ. ಮದರ್‌ಬೋರ್ಡ್‌ನ ಕಾರ್ಖಾನೆ ಸೆಟ್ಟಿಂಗು ಪ್ರೊಸೆಸರ್ ಒಂದು ಕ್ಷಣ ಬಿಸಿಯಾದರೂ ಫ್ಯಾನನ್ನು ಎಬ್ಬಿಸುತ್ತದೆ. ಬ್ರೌಸರ್ ತೆರೆದ ಕೂಡಲೇ ‘ವೂಂ’ ಎಂದು ಏರಿ ಇಳಿಯುವುದು ಇದರಿಂದಲೇ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ.

ಮೊದಲು ನಿಮ್ಮ ಕಿವಿಯ ಮಿತಿ ಹುಡುಕಿ. ರಾತ್ರಿ ಎಲ್ಲ ಕ್ಯಾಬಿನೆಟ್ ಫ್ಯಾನುಗಳನ್ನೂ 400 ಆರ್‌ಪಿಎಂಗೆ ಇಳಿಸಿ, 50-50 ಏರಿಸುತ್ತ ಹೋಗಿ. ಮೊದಲ ಬಾರಿ ಕೇಳಿಸಿದ ವೇಗವನ್ನು ಬರೆದಿಡಿ. ಸಾಮಾನ್ಯವಾಗಿ 600-750ರ ನಡುವೆ ಬರುತ್ತದೆ. ಯಂತ್ರ ಖಾಲಿ ಇದ್ದಾಗ ಫ್ಯಾನು ಅದನ್ನು ದಾಟಬಾರದು. ಹಾಗೇ ಏರಿಸುವಾಗ ಯಾವುದಾದರೂ ಒಂದು ವೇಗದಲ್ಲಿ ಮಾತ್ರ ಪೆಟ್ಟಿಗೆ ಗುಂಯ್ ಎಂದರೆ ಅದನ್ನೂ ಗುರುತಿಸಿ. ಕರ್ವ್ ಆ ವೇಗದಲ್ಲಿ ನಿಲ್ಲದೆ ಹಾರಿ ದಾಟಬೇಕು, ಉದಾಹರಣೆಗೆ 700ರಿಂದ ನೇರ 820ಕ್ಕೆ.

ಆಮೇಲೆ ಕರ್ವ್: 55 ಡಿಗ್ರಿವರೆಗೆ ಆ ಮಿತಿಯಲ್ಲೇ, 65ಕ್ಕೆ 750, 75ಕ್ಕೆ 900, 85ಕ್ಕೆ 1200. ವೇಗ ಏರುವ ಮುನ್ನ 4-5 ಸೆಕೆಂಡ್, ಇಳಿಯುವ ಮುನ್ನ ಇನ್ನೂ ಹೆಚ್ಚು ಕಾಯುವಂತೆ ಇಡಿ. ಆಸುಸ್‌ನಲ್ಲಿ ಇದು ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಬಯಾಸ್‌ಗೆ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ತಾಪ ಗೊತ್ತಾಗುವುದಿಲ್ಲ. ಗೇಮ್ ಆಡುವವರು ವಿಂಡೋಸ್‌ನಲ್ಲಿ ‘ಫ್ಯಾನ್ ಕಂಟ್ರೋಲ್’ ಎಂಬ ಉಚಿತ ತಂತ್ರಾಂಶ ಹಾಕಿ, ಪ್ರೊಸೆಸರ್ ಹಾಗೂ ಕಾರ್ಡ್ ಎರಡರಲ್ಲಿ ಯಾವುದು ಹೆಚ್ಚು ಬಿಸಿಯೋ ಅದಕ್ಕೆ ಮುಂದಿನ ಫ್ಯಾನುಗಳನ್ನು ಕಟ್ಟಿಹಾಕಬಹುದು.

ಅಲೆಯಲೆಯಾದ ಗುಂಯ್ ಇದ್ದರೆ ಮುಂದಿನ ಎರಡು ಫ್ಯಾನುಗಳ ವೇಗವನ್ನು 100 ಆರ್‌ಪಿಎಂ ಆದರೂ ದೂರ ಇಡಿ. 900 ಮತ್ತು 870ರಲ್ಲಿ ತಿರುಗುವ 7 ರೆಕ್ಕೆಯ ಎರಡು ಫ್ಯಾನುಗಳು ಸೆಕೆಂಡಿಗೆ ಮೂರೂವರೆ ಅಲೆ ಎಬ್ಬಿಸುತ್ತವೆ, ತಲೆ ಚಿಟ್ಟು ಹಿಡಿಸುವ ಸದ್ದು. ಒಂದೇ ಹೆಡರಿಗೆ ಕವಲು ವೈರು ಹಾಕಿ ಮೂರು ಫ್ಯಾನ್ ಸೇರಿಸಬಹುದು, ಹೆಡರಿನ ಮಿತಿ ಸಾಮಾನ್ಯವಾಗಿ 1 ಆ್ಯಂಪಿಯರ್. ಫ್ಯಾನಿನ ಲೇಬಲ್ ಮೇಲಿನ ಆ್ಯಂಪಿಯರ್‌ಗಳನ್ನು ಕೂಡಿ ನೋಡಿಕೊಳ್ಳಿ.

ಕೊನೆಯದಾಗಿ ಶಾಖವನ್ನೇ ಕಡಿಮೆ ಮಾಡಿ. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯನ್ನು ಶೇ. 80ಕ್ಕೆ ಎಳೆಯಿರಿ, ಗೇಮಿನ ವೇಗ ಇಳಿಯುವುದು ಅತ್ಯಲ್ಪ. ರೈಝೆನ್ ಇದ್ದರೆ ಬಯಾಸ್‌ನಲ್ಲಿ ವಿದ್ಯುತ್ ಮಿತಿ ಇಳಿಸುವ ಇಕೋ ಮೋಡ್ ಹಾಕಿ. ಫ್ರೇಮ್ ದರವನ್ನು ಮಾನಿಟರಿನ ದರಕ್ಕೆ ಕಟ್ಟಿಹಾಕಿದರೆ ‘ಕೀಂ’ ಸದ್ದೂ ಬಹುಪಾಲು ಅಡಗುತ್ತದೆ. ಕಾಸಿಲ್ಲದ ಈ ಕೆಲಸ ಅರ್ಧ ಗಂಟೆಯದು, ಕ್ಯಾಬಿನೆಟ್ ಕೊಳ್ಳುವ ಮೊದಲೇ ಒಮ್ಮೆ ಮಾಡಿ ನೋಡಿ.

ಹಂತ 9: ಇಡುವ ಜಾಗ, ಧೂಳು, ಹಲ್ಲಿ

ನಮ್ಮ ಕಡೆ ಸಿಗುವ ಕಂಪ್ಯೂಟರ್ ಟೇಬಲ್‌ಗಳಲ್ಲಿ ‘ಸಿಪಿಯು ಇಡಲು’ ಎಂದು ಒಂದು ಗೂಡು ಮಾಡಿರುತ್ತಾರೆ, ಮೂರು ಬದಿ ಹಲಗೆ, ಹಿಂದೆ ಗೋಡೆ. ಹಿಂದಿನಿಂದ ಹೊರಬಂದ ಬಿಸಿಗಾಳಿ ಅಲ್ಲೇ ತಿರುಗಿ ಮುಂದಿನ ಫ್ಯಾನಿಗೆ ಬರುತ್ತದೆ. ಅದರಲ್ಲಿಟ್ಟರೆ ಮೇಲಿನ ಎಂಟು ಹಂತಗಳೂ ನೀರಲ್ಲಿ ಹೋಮ. ಗೂಡಿನ ಹಿಂಬದಿಯ ಹಲಗೆ ತೆಗೆಸಿ, ಇಲ್ಲವೇ ಯಂತ್ರವನ್ನು ಹೊರಗಿಡಿ. ಗೋಡೆಯಿಂದ 15 ಸೆಂ.ಮೀ. ದೂರ ಇರಲಿ.

ಮೇಜಿನ ಮೇಲಿಂದ ಕೆಳಕ್ಕಿಳಿಸಿದರೆ ಕಿವಿಯಿಂದ ದೂರ ಹೆಚ್ಚಿ ಸದ್ದು 3ರಿಂದ 6 ಡೆಸಿಬಲ್ ಕಡಿಮೆಯಾಗುತ್ತದೆ, ಧೂಳು ಮಾತ್ರ ಜಾಸ್ತಿ. 10-15 ಸೆಂ.ಮೀ. ಎತ್ತರದ ಮಣೆಯ ಮೇಲೆ ಇಟ್ಟು ಕೆಳಗೆ ರಬ್ಬರ್ ಬಿಲ್ಲೆ ಕೊಟ್ಟರೆ ಎರಡಕ್ಕೂ ಅನುಕೂಲ. ಮುಂದಿನ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಮನೆ ರಸ್ತೆಗೆ ಹತ್ತಿರವಿದ್ದರೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿಟ್ಟುಕೊಳ್ಳಬೇಕು, ಗಾಳಿಯ ರಭಸಕ್ಕೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹಿಂಭಾಗದ ಖಾಲಿ ಸ್ಲಾಟುಗಳಿಗೆ ತಗಡಿನ ಪಟ್ಟಿ ಹಾಕದೆ ಬಿಟ್ಟರೆ ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಬರುತ್ತದೆ. ಅದು ಫ್ಯಾನಿಗೆ ಸಿಕ್ಕರೆ ಸದ್ದಿನ ಜೊತೆ ವಾಸನೆಯೂ.

ಇಷ್ಟೆಲ್ಲ ಆದ ಮೇಲೂ ಸಣ್ಣದೊಂದು ಗುಂಯ್ ಉಳಿದರೆ ಪಿಸಿ ಪೂರ್ತಿ ಆರಿಸಿ ಕೇಳಿ. ಆಗಲೂ ಕೇಳಿಸಿದರೆ ಅದು ಯುಪಿಎಸ್. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಅದರ ಟ್ರಾನ್ಸ್‌ಫಾರ್ಮರ್ 100 ಹರ್ಟ್ಸ್‌ನಲ್ಲಿ ಗುನುಗುತ್ತದೆ, ಇಷ್ಟು ದಿನ ಫ್ಯಾನಿನ ಸದ್ದಿನ ಮರೆಯಲ್ಲಿ ಇದ್ದದ್ದು ಈಗ ಕೇಳುತ್ತಿದೆ. ಅದರ ಕೆಳಗೂ ರಬ್ಬರ್ ಬಿಲ್ಲೆ ಇಟ್ಟು, ಮೇಜಿನ ಕಾಲಿಗೆ ತಾಗದಂತೆ ಸರಿಸಿ.